ಅಗ್ಗದ ಸಮುದ್ರದುಪ್ಪು: ಏಳು ಚೀಲ, ಮೂರು ಮಳೆಗಾಲ

ಸಮುದ್ರದ ಮೀನು ಸಾಕುವ ತೊಟ್ಟಿಯ ನೀರಿಗೆ ಹಾಕುವ ಉಪ್ಪನ್ನು ಕುಟ್ಟಾಣಿಯಲ್ಲಿ ಕುಟ್ಟುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕಲ್ಲುಪ್ಪಾದರೆ ಸರಿ, ಹೆಸರಿನಲ್ಲೇ ಕಲ್ಲಿದೆ. ಇದು ರವೆಯಂತೆ ಉದುರುದುರಾಗಿ ಇರಬೇಕಾದದ್ದು. 2024ರ ಜುಲೈನಲ್ಲಿ ಒಂದು ಶನಿವಾರ ರಾತ್ರಿ ಚೀಲದೊಳಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಪುಡಿಯಲ್ಲ, ಚೀಲದ ಆಕಾರಕ್ಕೇ ಹೆಪ್ಪುಗಟ್ಟಿದ ಒಂದು ಬಿಳಿ ದಿಂಡು. ಆ ಸಿಟ್ಟಿನಲ್ಲೇ ಈ ವಿಮರ್ಶೆ ಬರೆಯಲು ಕುಳಿತಿದ್ದೆ. ನಾಲ್ಕು ಸಾಲು ಬರೆದು ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಆಗ ಮುಗಿಸಿದ್ದರೆ ಅರ್ಧ ಸುಳ್ಳು ಬರೆದಂತಾಗುತ್ತಿತ್ತು.

ಮೊದಲು ನನ್ನ ತೊಟ್ಟಿಯ ವಿಷಯ, ಏಕೆಂದರೆ ಯಾವ ಉಪ್ಪು ಸಾಕು ಎನ್ನುವುದು ಅದರ ಮೇಲೆಯೇ ನಿಂತಿದೆ. ಬೆಂಗಳೂರಿನ ಬಾಡಿಗೆ ಮನೆಯ ಹಾಲ್‌ನಲ್ಲಿ ಮೂರಡಿಯ ಗಾಜಿನ ತೊಟ್ಟಿ. ಕಲ್ಲುಗಳನ್ನು ಕಳೆದರೆ ಸುಮಾರು 110 ಲೀಟರ್ ನೀರು. ಒಂದು ಜೋಡಿ ಕ್ಲೌನ್ ಮೀನು, ಒಂದು ಜಗಳಗಂಟ ಡ್ಯಾಮ್ಸೆಲ್ ಮೀನು, ಮೀನಿನ ಮೈ ಶುಚಿ ಮಾಡುವ ಒಂದು ಕ್ಲೀನರ್ ಸಿಗಡಿ, ನಾಲ್ಕೈದು ಬಸವನಹುಳು. ಹವಳ ಇಲ್ಲ. ನಮ್ಮಲ್ಲಿ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯವನು ಪಿಸುಮಾತಿನಲ್ಲಿ ಏನೇ ಹೇಳಲಿ, ನಾನು ಆ ಕಡೆ ತಲೆ ಹಾಕುವವನಲ್ಲ. ಹವಳ ಸಾಕುವವರಿಗೆ ಲೀಟರಿಗೆ ಕ್ಯಾಲ್ಸಿಯಂ 420 ಮಿಲಿಗ್ರಾಂ, ಮೆಗ್ನೀಸಿಯಂ 1300 ಎಂದು ಅಂಕಿಗಳ ಜಪ ಇರುತ್ತದೆ. ನನ್ನ ಮೀನುಗಳಿಗೆ ಆ ಜಪ ಬೇಕಿಲ್ಲ. ದುಬಾರಿ ಉಪ್ಪಿನ ಡಬ್ಬಗಳ ಮೇಲೆ ಅಚ್ಚಾಗಿರುವ ಬಣ್ಣಬಣ್ಣದ ಹವಳದ ಚಿತ್ರಕ್ಕೆ ನಾನೇಕೆ ದುಡ್ಡು ಕೊಡಲಿ?

‘ಹಾಗಾದರೆ ಅಡುಗೆ ಉಪ್ಪೇ ಹಾಕಬಹುದಲ್ಲ’ ಎಂದು ಅಮ್ಮ ಕೇಳಿದ್ದು ಒಂದು ಸಲವಲ್ಲ. ಆ ಪ್ರಶ್ನೆ ದಡ್ಡತನದ್ದೂ ಅಲ್ಲ. ಪ್ಯಾಕೆಟ್ಟಿನ ಉಪ್ಪಿಗೆ ಅಯೋಡಿನ್ ಸೇರಿಸಿರುತ್ತಾರೆ, ಗಂಟು ಕಟ್ಟದಿರಲು ಇನ್ನೇನನ್ನೋ ಬೆರೆಸಿರುತ್ತಾರೆ, ಅದು ಬೇಡ ಎಂದರೆ ಅಮ್ಮನ ಮುಂದಿನ ಬಾಣ ಸಿದ್ಧ: ‘ಸಾಣಿಕಟ್ಟಾ ಉಪ್ಪು ತಂದಿದ್ದೆಯಲ್ಲ, ಅದು ಸಮುದ್ರದ್ದೇ ತಾನೇ?’ ಗೋಕರ್ಣಕ್ಕೆ ಹೋದಾಗ ಕುಮಟಾ ತಾಲ್ಲೂಕಿನ ಆ ಉಪ್ಪಿನ ಗದ್ದೆಗಳನ್ನು ನೋಡಿ ಎರಡು ಕೆಜಿ ತಂದಿದ್ದೆ. ಸಮುದ್ರದ್ದೇ, ಆದರೆ ಸಮುದ್ರದ ಎಲ್ಲವೂ ಅದರಲ್ಲಿಲ್ಲ. ಗದ್ದೆಯಲ್ಲಿ ನೀರು ಬಿಸಿಲಿಗೆ ಬತ್ತುತ್ತಾ ಬಂದಂತೆ ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಂ, ಆಮೇಲೆ ನಾವು ತಿನ್ನುವ ಉಪ್ಪು ಹರಳಾಗುತ್ತದೆ. ಮೆಗ್ನೀಸಿಯಂ ಬಹುಪಾಲು ಕೊನೆಯಲ್ಲಿ ಉಳಿಯುವ ಕಹಿ ನೀರಿನಲ್ಲೇ ಹೋಗಿಬಿಡುತ್ತದೆ. ಸಮುದ್ರದಲ್ಲಿ ಕರಗಿರುವ ಲವಣಗಳಲ್ಲಿ ನೂರಕ್ಕೆ ಎಂಬತ್ತೈದು ಭಾಗ ಸೋಡಿಯಂ ಮತ್ತು ಕ್ಲೋರೈಡ್ ಎನ್ನುವುದು ನಿಜ. ಮಿಕ್ಕ ಹದಿನೈದಕ್ಕೇ ನಾವು ಸಮುದ್ರದ ಲವಣಗಳನ್ನೆಲ್ಲ ಬೆರೆಸಿದ ಮರೀನ್ ಸಾಲ್ಟ್‌ನ ಬೆಲೆ ಕೊಡುವುದು. ಸಾಣಿಕಟ್ಟಾ ಉಪ್ಪು ಮಾವಿನ ಮಿಡಿಗೆ ಹೋಯಿತು, ಅಲ್ಲಿ ಅದರ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ಲೆಕ್ಕಕ್ಕೆ ಬರೋಣ. ನಾನು ಬಳಸುವುದು ಹೆಸರು ಹೇಳಿದರೆ ಯಾರೂ ಹುಬ್ಬೇರಿಸದ, ಹತ್ತು ಕೆಜಿಯ ಚೀಲದಲ್ಲಿ ಬರುವ ಅಗ್ಗದ ಮಾಲು. 2023ರ ಮಾರ್ಚ್‌ನಲ್ಲಿ ಮೊದಲ ಚೀಲಕ್ಕೆ 1,750 ರೂಪಾಯಿ ಕೊಟ್ಟೆ, 2025ರಲ್ಲಿ 1,850. ವಾರಕ್ಕೊಮ್ಮೆ ಹದಿನೈದು ಲೀಟರ್ ನೀರು ಬದಲಿಸುತ್ತೇನೆ. ಲೀಟರಿಗೆ 35 ಗ್ರಾಂನಂತೆ 525 ಗ್ರಾಂ. ವರ್ಷಕ್ಕೆ 27 ಕೆಜಿ, ಅಂದರೆ ಐದು ಸಾವಿರ ರೂಪಾಯಿ, ದಿನಕ್ಕೆ ಹದಿನಾಲ್ಕು. ನಮ್ಮ ಬೀದಿಯ ದರ್ಶಿನಿಯಲ್ಲಿ ಆ ದುಡ್ಡಿಗೆ ಒಂದು ಕಾಫಿಯೂ ಸಿಗದು. ಹೊರದೇಶದ ಡಬ್ಬ ತಂದರೆ ಇದೇ ಲೆಕ್ಕ ಹನ್ನೊಂದೂವರೆ ಸಾವಿರಕ್ಕೆ ಏರುತ್ತದೆ.

ಇದಕ್ಕಿಂತ ಅಗ್ಗ ಒಂದಿದೆ, ಬಿಟ್ಟಿ ಸಮುದ್ರ. ಅಕ್ಕನ ಮನೆ ಸುರತ್ಕಲ್‌ನಲ್ಲಿ. ಭಾವ ಒಮ್ಮೆ ಜನವರಿಯಲ್ಲಿ ಎರಡು ಕ್ಯಾನ್ ತುಂಬಿಸಿ ಕಾರಿನಲ್ಲಿಟ್ಟು ಕಳುಹಿಸಿದರು. ಶಿರಾಡಿ ಘಾಟಿಯ ತಿರುವುಗಳಲ್ಲೆಲ್ಲ ಹಿಂದೆ ಸಮುದ್ರ ಗುಳುಗುಳು ಎನ್ನುತ್ತಿತ್ತು. ನೀರು ಚೆನ್ನಾಗಿಯೇ ಇತ್ತು. ಆದರೆ ಅದು ಜನವರಿ. ಮಳೆ ಹಿಡಿದ ಮೇಲೆ ನೇತ್ರಾವತಿ, ಫಲ್ಗುಣಿ ಎಲ್ಲ ಕೆಂಪಗೆ ಬಂದು ಬೀಳುವ ಆ ಕರಾವಳಿಯಲ್ಲಿ ದಡದ ನೀರು ಉಪ್ಪೂ ಅಲ್ಲ ಸಿಹಿಯೂ ಅಲ್ಲ. ಅಲ್ಲದೆ ಹದಿನೈದು ಲೀಟರಿಗಾಗಿ ವಾರವಾರ ಘಟ್ಟ ಇಳಿಯಲು ನನಗೇನು ಹುಚ್ಚೇ?

ಆದ್ದರಿಂದ ಶನಿವಾರದ ರಾತ್ರಿ. ಊಟವಾದ ಮೇಲೆ, ಪಾತ್ರೆ ತೊಳೆದಾದ ಮೇಲೆ, ಯುಟಿಲಿಟಿಯಲ್ಲಿ ಬಿಳಿ ಬಕೆಟ್ ಇಡುತ್ತೇನೆ. ಈ ಬಕೆಟ್ಟಿಗೆ ಸೋಪಿನ ಕೈ ಸೋಕಬಾರದೆಂದು ಮಾರ್ಕರ್‌ನಲ್ಲಿ ಮೀನಿನ ಚಿತ್ರ ಬರೆದಿದ್ದೇನೆ, ಮನೆಕೆಲಸಕ್ಕೆ ಬರುವ ಅಕ್ಕ ಅದನ್ನು ದೇವರ ಪಾತ್ರೆಯಂತೆ ದೂರವೇ ಇಡುತ್ತಾರೆ. ಮೊದಲು ಆರ್‌ಓ ನೀರು ತುಂಬಿಸಿ, ಅಂಗೈಯಗಲದ ಪಂಪು ಹಾಕಿ, ನೀರು ಸುತ್ತಲು ಶುರುವಾದ ಮೇಲೆ ಉಪ್ಪು. ಉಪ್ಪಿಗೆ ನೀರಲ್ಲ, ನೀರಿಗೆ ಉಪ್ಪು. ತಿರುಗಾಮುರುಗಾ ಮಾಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಸುಣ್ಣದಂತೆ ತಳಕಚ್ಚಿ ಕೂರುತ್ತದೆ. ಹಿಡಿಹಿಡಿಯಾಗಿ ಉದುರಿಸಿದಂತೆ ನೀರು ಮೊದಲು ಗಂಜಿಯಂತೆ ಬೆಳ್ಳಗಾಗುತ್ತದೆ. ಬೆರಳಿಟ್ಟರೆ ಚೂರೇ ಚೂರು ಬೆಚ್ಚಗಿರುತ್ತದೆ. ದೀಪ ಆರಿಸಿ ಮಲಗುವಾಗ ಪಂಪಿನ ಗುಂಯ್ ಸದ್ದು ಹಾಲ್‌ನ ತನಕ ಕೇಳುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಬಕೆಟ್ಟಿನ ತಳದ ಗೀರುಗಳೂ ಕಾಣುವಷ್ಟು ತಿಳಿ.

ಕಾಫಿ ಲೋಟ ಒಂದು ಕೈಯಲ್ಲಿ, ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಇನ್ನೊಂದು ಕೈಯಲ್ಲಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬಾಲ್ಕನಿಯ ಬೆಳಕಿಗೆ ಹಿಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಒಂದು ಗೆರೆ. ಬರೀ ನೀರಿನ ಸಾಂದ್ರತೆ 1 ಎಂದು ಹಿಡಿದರೆ ನನ್ನ ಗೆರೆ 1.024ಕ್ಕೆ ನಿಲ್ಲಬೇಕು. ಬರೀ ಮೀನಿದ್ದರೆ 1.021 ಆದರೂ ನಡೆಯುತ್ತದೆ, ಉಪ್ಪೂ ಉಳಿಯುತ್ತದೆ. ಸಿಗಡಿ ಇರುವುದರಿಂದ ನಾನು ಆ ಜಿಪುಣತನ ಮಾಡುವುದಿಲ್ಲ. ಎದುರು ಮನೆಯ ಅಜ್ಜ ನನ್ನನ್ನು ತಾರೆ ನೋಡುವವನೆಂದು ಬಹಳ ದಿನ ತಿಳಿದಿದ್ದರಂತೆ, ಹಗಲಲ್ಲಿ ಯಾವ ತಾರೆ ಎಂದು ಅವರಿಗೂ ಅನುಮಾನವಿತ್ತಂತೆ. ಆಮೇಲೆ ಕೊಳವೆ ಹಾಕಿ ಹಳೆಯ ನೀರು ತೆಗೆಯುವುದು, ಹೆಣ್ಣು ಕ್ಲೌನ್ ಬಂದು ಮುಂಗೈಗೆ ಕುಟುಕುವುದು, ಗಾಜಿನಂಚಿಗೆ ಕಟ್ಟಿದ ಉಪ್ಪಿನ ಪೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಹಳೆಯ ನೀರು ಬಚ್ಚಲಿಗೇ ಹೋಗಬೇಕು. ಒಮ್ಮೆ ಮೈಮರೆತು ದಾಸವಾಳದ ಕುಂಡಕ್ಕೆ ಸುರಿದೆ, ಆ ಗಿಡದ ಮಾತು ಈಗ ಬೇಡ.

ಈ ಅಗ್ಗದ ಉಪ್ಪಿಗೆ ದೋಷಗಳಿವೆ. ಬಕೆಟ್ಟಿನ ಅಂಚಿಗೆ ಕಂದು ಬಣ್ಣದ ತೆಳು ಗೆರೆ ಬಿಡುತ್ತದೆ. ದುಬಾರಿಯದು ಅರ್ಧ ಗಂಟೆಯಲ್ಲಿ ತಿಳಿಯಾದರೆ ಇದಕ್ಕೆ ಇಡೀ ರಾತ್ರಿ ಬೇಕು. ಚೀಲದ ಮೇಲ್ಭಾಗದ ಉಪ್ಪಿಗೂ ತಳದ ಉಪ್ಪಿಗೂ ಕೆಎಚ್, ಅಂದರೆ ನೀರಿನಲ್ಲಿರುವ ಕಾರ್ಬೊನೇಟ್‌ಗಳ ಅಳತೆ, ಒಂದೇ ಬರುವುದಿಲ್ಲ, ಸಾಗಾಟದಲ್ಲಿ ಕುಲುಕಾಡಿ ನುಣುಪಿನದು ಕೆಳಗಿಳಿದಿರುತ್ತದೆ. ಹೊಸ ಚೀಲವನ್ನು ಒಡೆಯುವ ಮೊದಲು ನೆಲದ ಮೇಲೆ ನಾಲ್ಕು ಸಲ ಉರುಳಿಸಿದರೆ ಇದು ಮುಗಿಯಿತು. ಇವೆಲ್ಲ ಬೆಲೆಗೆ ತಕ್ಕ ಕಿರಿಕಿರಿ.

ಮಳೆಗಾಲದ ಕಥೆ ಬೇರೆ. ಇಂಥ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಎರಡೂ ಗಾಳಿಯ ತೇವವನ್ನು ಹೀರುತ್ತವೆ. ಮಾರುವವರು ಇದನ್ನು ತೆಳ್ಳನೆಯ ಪಾಲಿಥಿನ್ ಒಂದರಲ್ಲಿ ತುಂಬಿ ಮೇಲೆ ಗೋಣಿಯಂಥ ಹೊದಿಕೆ ಹೊಲಿದು ಕಳುಹಿಸುತ್ತಾರೆ. ಐದನೆಯ ಚೀಲವನ್ನು ನಾನು ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದ್ದೆ. ಮೂರೇ ವಾರಕ್ಕೆ ಕಲ್ಲು. ಕುಟ್ಟಿ ಕರಗಿಸಿದರೆ ತಳದಲ್ಲಿ ಕರಗದ ಬಿಳಿ ಚೂರು, ಎಂಟಿರಬೇಕಿದ್ದ ಕೆಎಚ್ ಆರಕ್ಕೆ ಇಳಿದಿತ್ತು. ತೂಕವೂ ಮೋಸ: 525 ಗ್ರಾಂ ತೂಗಿದರೆ ಅದರಲ್ಲಿ ನೀರಿನ ತೂಕವೂ ಸೇರಿ ಗೆರೆ 1.022ಕ್ಕೇ ನಿಂತಿತು.

ಅದೇ ವಾರ ಸಿಗಡಿ ಸತ್ತಿತು.

ಎರಡೂ ಒಂದೇ ವಾರ ಆಯಿತಲ್ಲ, ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೂರಿಂಚಿನ ಆ ಕೆಂಪು ಬೆನ್ನಿನ ಸಿಗಡಿ ಒಂದು ವರ್ಷದಿಂದ ನನ್ನ ಉಗುರಿನ ಸಂದಿಯನ್ನೂ ಶುಚಿ ಮಾಡುತ್ತಿತ್ತು. ಮಾರಿದವರಿಗೆ ಫೋನ್ ಮಾಡಿ ಕೂಗಾಡಿದೆ. ‘ಎಲ್ಲ ಉಪ್ಪೂ ಮಳೆಗಾಲದಲ್ಲಿ ಹಾಗೆಯೇ ಸಾರ್’ ಎಂದರು. ಅದೇ ಸಿಟ್ಟಿನಲ್ಲಿ 4,300 ರೂಪಾಯಿ ಕೊಟ್ಟು ಹವಳದ ಚಿತ್ರವಿದ್ದ ಹೊರದೇಶದ ಡಬ್ಬ ತಂದೆ. ಗಟ್ಟಿ ಮುಚ್ಚಳ, ಒಳಗೆ ದಪ್ಪ ಚೀಲ, ಅಳೆಯುವ ಚಮಚ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಕರಗಿತು. ಹೊಸ ಸಿಗಡಿಯೂ ಬಂತು. ಸೆಪ್ಟೆಂಬರ್‌ನಲ್ಲಿ ಅದೂ ಸತ್ತಿತು.

ಶಿವಾಜಿನಗರದ ಒಂದು ಸಣ್ಣ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನ ಮುಂದೆ ಈ ಉಪ್ಪಿನ ಪುರಾಣವನ್ನೆಲ್ಲ ಹೇಳಿದೆ. ಅವನು ಮೀನಿಗೆ ಬಲೆ ಹಾಕುತ್ತಲೇ ಕೇಳಿದ: ‘ಉಪ್ಪು ಬಿಡಿ ಸಾರ್, ನೀರು ಯಾವುದು?’

ನೀರು ಅಡುಗೆಮನೆಯ ಆರ್‌ಓದು, ಮೊದಲಿನಿಂದಲೂ ಅದೇ. ಅದೇ ಅಲ್ಲ. ಮೇ ತಿಂಗಳಲ್ಲಿ ಹಳೆಯ ಯಂತ್ರ ಕೊಟ್ಟು ಹೊಸದು ತಂದಿದ್ದೆವು. ಅದರ ಮುಂಭಾಗದಲ್ಲಿ ಹೊಳೆಯುವ ಅಕ್ಷರಗಳಲ್ಲಿ ಬರೆದಿತ್ತು: ನೀರಿಗೆ ತಾಮ್ರದ ಗುಣ ಸೇರಿಸುತ್ತದೆ. ಅಪ್ಪ ಅದನ್ನು ನೋಡಿಯೇ ಒಪ್ಪಿದ್ದು, ತಾಮ್ರದ ಚೊಂಬಿನ ನೀರು ಕುಡಿದು ಬೆಳೆದವರು. ಸಿಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ಆದರೂ ನೀರಿನಲ್ಲಿ ಕರಗಿದ ತಾಮ್ರ ಅದಕ್ಕೆ ವಿಷ, ಬಸವನಹುಳಕ್ಕೂ. ಮೀನು ಅಷ್ಟಿಷ್ಟು ತಡೆದುಕೊಳ್ಳುತ್ತದೆ, ಬಿಳಿ ಚುಕ್ಕಿ ರೋಗಕ್ಕೆ ತಾಮ್ರವನ್ನೇ ಔಷಧವಾಗಿ ಹಾಕುವುದೂ ಉಂಟು. ಅದಕ್ಕೇ ನನ್ನ ಕ್ಲೌನ್‌ಗಳಿಗೆ ಏನೂ ಆಗಿರಲಿಲ್ಲ. ಪರೀಕ್ಷೆಯ ಕಿಟ್ ತಂದು ತೊಟ್ಟಿಯ ನೀರಿಗೆ ಹನಿ ಹಾಕಿದೆ, ಬಣ್ಣ ತಿರುಗಿತು. ಬಸವನಹುಳುಗಳು ಒಂದೊಂದಾಗಿ ಕಾಣೆಯಾಗಿದ್ದು ಆಗ ನೆನಪಿಗೆ ಬಂತು. ನಾಲ್ಕು ತಿಂಗಳಿನಿಂದ ಶುದ್ಧ ಆರ್‌ಓ ನೀರೆಂದು ವಾರವಾರ ನಾನೇ ಸುರಿಯುತ್ತಿದ್ದೆ, ಬೈಗುಳವನ್ನೆಲ್ಲ ಉಪ್ಪು ತಿನ್ನುತ್ತಿತ್ತು.

ತೊಟ್ಟಿಗೆಂದೇ ಪುಟ್ಟ ಸಾದಾ ಆರ್‌ಓ ಒಂದನ್ನು ಯುಟಿಲಿಟಿಯ ನಲ್ಲಿಗೆ ಜೋಡಿಸಿದೆ. ಅದು ಹೊರಬಿಡುವ ನೀರಿನಲ್ಲಿ ನೆಲ ಒರೆಸುತ್ತೇವೆ. ಇದ್ದಿಲು ಹಾಕಿ, ನೀರು ಬದಲಿಸುತ್ತಾ ಕಾದು, 2025ರ ಜನವರಿಯಲ್ಲಿ ಮೂರನೆಯ ಸಿಗಡಿ ತಂದೆ. ಆ ಹೊತ್ತಿಗೆ ದುಬಾರಿ ಡಬ್ಬ ಖಾಲಿಯಾಗಿತ್ತು. ಅದು ಒಳ್ಳೆಯ ಉಪ್ಪೇ, ನನಗೆ ಹೆಚ್ಚಾದ ಉಪ್ಪು. ಅದರ ಕೆಎಚ್ ಹನ್ನೊಂದು ಬರುತ್ತಿತ್ತು, ತಿನ್ನುವ ಹವಳವಿಲ್ಲದ ಕಾರಣ ಹೀಟರಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತಿತ್ತು. ಕುಟ್ಟಿಟ್ಟ ಐದನೆಯ ಚೀಲಕ್ಕೇ ಮರಳಿದೆ, ತುಸು ಅಡುಗೆ ಸೋಡಾ ಸೇರಿಸಿ ಕೆಎಚ್ ಎಂಟಕ್ಕೆ ತಂದೆ. ಇದನ್ನು ಬರೆಯುತ್ತಿರುವುದು 2025ರ ಸೆಪ್ಟೆಂಬರ್‌ನಲ್ಲಿ. ಸಿಗಡಿ ಎಂಟನೆಯ ತಿಂಗಳಿನಲ್ಲೂ ಉಗುರು ಕೆರೆಯುತ್ತಿದೆ.

ಹಾಗಾಗಿ ಐದರಲ್ಲಿ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಆ ದರಿದ್ರ ಪಾಲಿಥಿನ್‌ಗೆ, ಅದರಲ್ಲಿ ರಿಯಾಯಿತಿ ಇಲ್ಲ. ಗಟ್ಟಿ ಚೀಲಕ್ಕೆ ಐವತ್ತು ರೂಪಾಯಿ ಹೆಚ್ಚು ಕೇಳಿದರೂ ಕೊಡುತ್ತೇನೆ. ಬರೀ ಮೀನು, ಸಿಗಡಿ ಇರುವವರು ಧೈರ್ಯವಾಗಿ ಕೊಳ್ಳಿ, ಮೇ ತಿಂಗಳೊಳಗೆ ಕೊಂಡು, ಬಂದ ದಿನವೇ ಗಾಳಿಯಾಡದ ಡಬ್ಬಗಳಿಗೆ ಹಂಚಿಬಿಡಿ. ತೂಕವನ್ನು ನಂಬಿ ಕೂರದೆ ರಿಫ್ರಾಕ್ಟೋಮೀಟರ್ ನೋಡಿ, ಅದನ್ನೂ ಬರೀ ನೀರಿನಿಂದಲ್ಲದೆ ಸಾವಿರಕ್ಕೆ 35 ಭಾಗ ಉಪ್ಪಿರುವ ಅಳತೆಯ ದ್ರಾವಣದಿಂದ ಸರಿ ಮಾಡಿಕೊಳ್ಳಿ. ಮೊದಲ ಸಲ ತೊಟ್ಟಿ ಇಡುವವರಿಗೆ ಇನ್ನೊಂದು: ಬಿಸಿಲಿಗೆ ನೀರು ಇಳಿದರೆ ಸಿಹಿನೀರನ್ನೇ ಸೇರಿಸಬೇಕು. ಹಾರಿಹೋಗಿದ್ದು ನೀರು ಮಾತ್ರ, ಉಪ್ಪೆಲ್ಲ ಒಳಗೇ ಇದೆ.

ಏಳನೆಯ ಚೀಲ ಈ ಮಳೆಗಾಲವನ್ನು ಅಮ್ಮನ ಎರಡು ಪಿಂಗಾಣಿ ಜಾಡಿಗಳಲ್ಲಿ ಕಳೆಯಿತು, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಉಪ್ಪಿನಕಾಯಿಗೆ ಮಾಡುವಂತೆಯೇ. ಒಂದು ಗಂಟೂ ಇಲ್ಲ. ಈಗ ಮಿಡಿ ಹಾಕಿದ ಮೂರನೆಯ ಜಾಡಿಯೂ ತಳ ಕಾಣುತ್ತಿದೆ. ಅದನ್ನೂ ಉಪ್ಪಿಗೆ ಕೊಡಿ ಎಂದು ಇನ್ನೂ ಕೇಳಿಲ್ಲ, ಆದರೆ ನಾನು ಊಟಕ್ಕೆ ಎರಡೆರಡು ಮಿಡಿ ಹಾಕಿಸಿಕೊಳ್ಳುವುದನ್ನು ಅಮ್ಮ ಗಮನಿಸಿದ್ದಾರೆ.