ಕೆಂಪು ಎರರ್ ಬಂದಿಲ್ಲ ಅಂತ ಕಾಲುವೆ ಮಾಡೆಲ್ ನಂಬಬೇಡಿ

ನಾನು ಲೆಕ್ಕ ಹಾಕಿಕೊಟ್ಟ ಕಾಲುವೆ ದಂಡೆ ದಾಟಿ ಹರಿಯಿತು. ಊಹೆಗೆ ಮೀರಿದ ನೀರು ಬಂತು ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗಲಿಲ್ಲ. ಮೇಲ್ಗಡೆ ಅಳತೆ ಕಟ್ಟೆ ಇತ್ತು, ಅಲ್ಲಿ ಆ ದಿನ ದಾಖಲಾದದ್ದು ಸೆಕೆಂಡಿಗೆ ಸುಮಾರು 12 ಘನ ಮೀಟರ್. ನನ್ನ ವಿನ್ಯಾಸದಲ್ಲಿ ಇದ್ದದ್ದೂ ಅಷ್ಟೇ. ಕಂಪ್ಯೂಟರಿನಲ್ಲಿ ಕಟ್ಟಿದ ಮಾಡೆಲ್ ಪ್ರಕಾರ ದಂಡೆಗೂ ನೀರಿಗೂ ನಡುವೆ 60 ಸೆಂಟಿಮೀಟರ್ ಜಾಗ ಉಳಿಯಬೇಕಿತ್ತು. ಅಲ್ಲಿ ನೋಡಿದರೆ ನೀರು ದಂಡೆಯ ಮೇಲೆ ಐದಾರು ಸೆಂಟಿಮೀಟರ್ ಹರಿದು ಪಕ್ಕದ ಜಮೀನಿಗೆ ಇಳಿದಿತ್ತು.

ಯಾಕೆ ಹೀಗಾಯಿತು ಅಂತ ಹುಡುಕಲು ನನಗೆ ಎರಡು ವಾರ ಹಿಡಿಯಿತು. ನೀವು ಈಗ ಯಾವುದಾದರೂ ಕಾಲುವೆಯ ಮಾಡೆಲ್ ಮಾಡುತ್ತಿದ್ದರೆ ಪೂರ್ತಿ ಓದಿ. ಕಾರಣ ದೊಡ್ಡದೇನಲ್ಲ, ಎರಡು ನಂಬರ್ ಅಷ್ಟೇ.

ಕಾಲುವೆ ತೀರಾ ಸಾಧಾರಣದ್ದು. ಮಣ್ಣಿನದು, ತಳದ ಅಗಲ 4 ಮೀಟರ್, ಪಕ್ಕದ ಇಳಿಜಾರು ಒಂದಕ್ಕೆ ಒಂದೂವರೆ, ಆಳ 2.3 ಮೀಟರ್. ಉದ್ದ ಮೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ತಳ ಬಹಳ ಚಪ್ಪಟೆ, 2000ಕ್ಕೆ 1. ಅಂದರೆ ಒಂದು ಕಿಲೋಮೀಟರ್ ನಡೆದರೆ ಅರ್ಧ ಮೀಟರ್ ಇಳಿಯುತ್ತೀರಿ. ತಲೆಯ ಕಡೆ ಮಾತ್ರ 60 ಮೀಟರ್ ಕಾಂಕ್ರೀಟಿನ ಕಡಿದಾದ ಇಳಿಜಾರು, 50ಕ್ಕೆ 1. ಬಾಲದ ಕಡೆ ನದಿ. ನದಿಗೆ ಸೇರುವ ಕೊನೆಯ 600 ಮೀಟರ್‌ನಲ್ಲಿ ದಂಡೆಯನ್ನು ನದಿ ಏರಿಯ ಮಟ್ಟಕ್ಕೆ ಎತ್ತರಿಸಿದ್ದರು. ಯಾಕೆ ಎತ್ತರಿಸಿದ್ದಾರೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಸಾಫ್ಟ್‌ವೇರ್ ಹೆಕ್-ರಾಸ್, ನದಿ ಕಾಲುವೆಗಳಲ್ಲಿ ನೀರಿನ ಮಟ್ಟ ಲೆಕ್ಕ ಹಾಕುವಂಥದ್ದು. ಅಮೆರಿಕದ ಸೇನೆಯ ಎಂಜಿನಿಯರುಗಳ ವಿಭಾಗ 1995ರಲ್ಲಿ ಮೊದಲು ಹೊರತಂದದ್ದು, ಪುಕ್ಕಟೆ ಸಿಗುತ್ತದೆ. ತಪ್ಪು ಅದರದ್ದಲ್ಲ. ನಾನು ಕೊಟ್ಟ ನಂಬರಿಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ಬೇರೆ ಯಾವ ಪ್ರೋಗ್ರಾಂ ಬಳಸಿದ್ದರೂ ನಾನು ಇದೇ ಗುಂಡಿಗೆ ಬೀಳುತ್ತಿದ್ದೆ.

ಮೊದಲು ತಲೆಯ ಕಡೆಯ ಕತೆ, ಯಾಕಂದರೆ ನನ್ನನ್ನು ಹಾಳು ಮಾಡಿದ್ದು ಒಂದು ರೀತಿಯಲ್ಲಿ ಅದೇ. ಮೊದಲ ರನ್ ಮಾಡುವಾಗ ಹರಿವಿನ ಬಗೆ ಯಾವುದು ಅಂತ ಕೇಳುವ ಕಡೆ ಸಬ್‌ಕ್ರಿಟಿಕಲ್ ಅಂತ ಬಿಟ್ಟಿದ್ದೆ. ನಿಧಾನ, ಆಳದ ಹರಿವಿಗೆ ಅದು ಸರಿ. ಆದರೆ 50ಕ್ಕೆ 1ರ ಕಾಂಕ್ರೀಟಿನ ಮೇಲೆ ನೀರು ಹಾಗೆ ಹರಿಯುವುದಿಲ್ಲ, ತೆಳ್ಳಗಾಗಿ ಜೋರಾಗಿ ಓಡುತ್ತದೆ. ಸಬ್‌ಕ್ರಿಟಿಕಲ್ ಅಂತ ಹೇಳಿದ ಮೇಲೆ ಪ್ರೋಗ್ರಾಂ ಆ ಉತ್ತರವನ್ನು ಹುಡುಕಲೇ ಹೋಗುವುದಿಲ್ಲ. ಲೆಕ್ಕ ಸರಿಹೊಂದದ ಕಡೆಯೆಲ್ಲ ಕ್ರಿಟಿಕಲ್ ಆಳವನ್ನು, ಅಂದರೆ ನಿಧಾನದ ಹರಿವಿಗೂ ಜೋರಿನ ಹರಿವಿಗೂ ನಡುವಿನ ಗಡಿಯ ಆಳವನ್ನು ಇಟ್ಟು, ಒಂದು ಎಚ್ಚರಿಕೆ ಬರೆದು, ಮುಂದಕ್ಕೆ ಹೋಗುತ್ತದೆ. ರನ್ ಮುಗಿಯಿತು, ನೀಲಿ ಗೆರೆ ಬಂತು, ಎರರ್ ಇಲ್ಲ. ಎಚ್ಚರಿಕೆಗಳ ಪಟ್ಟಿಯನ್ನು ನಾನು ತೆರೆಯಲೇ ಇಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ಅಲ್ಲಿ ಯಾವಾಗಲೂ ನೂರಾರು ಸಾಲು ಇರುತ್ತವೆ, ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು.

ಹಿಡಿದದ್ದು ನನ್ನ ಸೀನಿಯರ್ ಒಬ್ಬರು. ಕೋಷ್ಟಕದ ಮೇಲೆ ಬೆರಳಿಟ್ಟು, "ಫ್ರೌಡ್ ಸಂಖ್ಯೆ ಈ ಇಳಿಜಾರಿನ ಉದ್ದಕ್ಕೂ ಸಾಲಾಗಿ 1 ಯಾಕಿದೆ?" ಅಂದರು. ಅಷ್ಟೇ ಕೇಳಿದ್ದು. ಹರಿವು ನಿಧಾನದ್ದೋ ಜೋರಿನದ್ದೋ ಅಂತ ಹೇಳುವ ಅಂಕಿ ಅದು, 1 ಅಂದರೆ ಸರಿಯಾಗಿ ಗಡಿ. ನಿಜವಾದ ಕಾಲುವೆಯಲ್ಲಿ ಅದು ಒಂದು ಸೆಕ್ಷನ್ನಿನಿಂದ (ಕಾಲುವೆಯನ್ನು ಅಡ್ಡಲಾಗಿ ಅಳೆದ ಜಾಗ) ಇನ್ನೊಂದಕ್ಕೆ ಬದಲಾಗುತ್ತಾ ಹೋಗಬೇಕು. ಒಂದರ ಕೆಳಗೊಂದು 1 ಅಂತ ನಿಂತಿದ್ದರೆ ಪ್ರೋಗ್ರಾಂ ಲೆಕ್ಕ ಹಾಕಿಲ್ಲ, ಕೈಚೆಲ್ಲಿದೆ ಅಂತ ಅರ್ಥ. ಹರಿವಿನ ಬಗೆಯನ್ನು ಮಿಕ್ಸೆಡ್, ಅಂದರೆ ಎರಡೂ ಬಗೆ ಅಂತ ಬದಲಿಸಿ, ಮೇಲ್ಗಡೆಯ ಬೌಂಡರಿಯನ್ನೂ (ತುದಿಯಲ್ಲಿ ನೀರಿನ ಮಟ್ಟ ಎಷ್ಟು ಅನ್ನುವುದನ್ನು) ಕೊಟ್ಟು ಮತ್ತೆ ಓಡಿಸಿದೆ. ಕ್ರಿಟಿಕಲ್ ಆಳ 0.87 ಮೀಟರ್, ಅದಕ್ಕೆ ವೇಗ ಸೆಕೆಂಡಿಗೆ 2.6 ಮೀಟರ್ ಅಂತ ತೋರಿಸುತ್ತಿದ್ದ ಜಾಗದಲ್ಲಿ ಈಗ ಆಳ ಅರ್ಧ ಮೀಟರಿನ ಹತ್ತಿರ ಬಂತು, ವೇಗ 4.5 ದಾಟಿತು. ಇಳಿಜಾರು ಮುಗಿಯುವ ಮೊದಲೇ ನೀರು ಕುಪ್ಪಳಿಸಿ ಎದ್ದು ನಿಲ್ಲುವ ಜಾಗವೂ ಆಗಲೇ ಕಂಡಿದ್ದು. ಕಾಂಕ್ರೀಟ್ ಹಾಕುವ ಮೊದಲೇ ಗೊತ್ತಾಯಿತು, ಬಚಾವ್ ಆದೆ.

ಬಚಾವ್ ಆದ ಖುಷಿಯಲ್ಲಿ ಕೆಳಗಿನ ತುದಿಯನ್ನು ಮರೆತೆ.

ಸಬ್‌ಕ್ರಿಟಿಕಲ್ ಹರಿವಿನಲ್ಲಿ ನೀರು ಮೇಲಿಂದ ಕೆಳಗೆ ಹರಿದರೂ ಲೆಕ್ಕ ಕೆಳಗಿಂದ ಮೇಲಕ್ಕೆ ಹತ್ತುತ್ತದೆ. ಕೊನೆಯ ಸೆಕ್ಷನ್ನಿನಲ್ಲಿ ನೀರಿನ ಮಟ್ಟ ಎಷ್ಟು ಅಂತ ನೀವು ಹೇಳಬೇಕು. ಆಮೇಲೆ ಪ್ರೋಗ್ರಾಂ ಶಕ್ತಿಯ ಸಮೀಕರಣ ಹಿಡಿದು ಒಂದೊಂದೇ ಸೆಕ್ಷನ್ ಹತ್ತುತ್ತಾ ಬರುತ್ತದೆ. ಆ ಮಟ್ಟ ಹೇಳುವುದಕ್ಕೆ ಕೆಲವು ದಾರಿಗಳಿವೆ: ಗೊತ್ತಿರುವ ಮಟ್ಟವನ್ನೇ ಕೊಡಬಹುದು, ಎಷ್ಟು ಹರಿವಿಗೆ ಎಷ್ಟು ಮಟ್ಟ ಅಂತ ತೋರಿಸುವ ರೇಟಿಂಗ್ ಕರ್ವ್ ಕೊಡಬಹುದು, ಇಲ್ಲವೇ ನಾರ್ಮಲ್ ಡೆಪ್ತ್ (ಒಂದೇ ಇಳಿಜಾರಿನಲ್ಲಿ ಒಂದೇ ಸಮನೆ ಹರಿಯುವ ನೀರಿನ ಆಳ) ಅಂತ ಆರಿಸಿ ಒಂದು ಇಳಿಜಾರು ಟೈಪ್ ಮಾಡಬಹುದು. ಕೊನೆಯದು ಎಲ್ಲಕ್ಕಿಂತ ಸುಲಭ, ಅಲ್ವಾ? ತಳದ 2000ಕ್ಕೆ 1, ಅಂದರೆ 0.0005 ಅಂತ ಟೈಪ್ ಮಾಡಿದೆ. ನಾಲ್ಕು ಸೆಕೆಂಡಿನ ಕೆಲಸ.

ಆ ನಾಲ್ಕು ಸೆಕೆಂಡಿನಲ್ಲಿ ನಾನು ಹೇಳಿದ್ದು ಏನು ಗೊತ್ತಾ? ಈ ಕಾಲುವೆ ಹೀಗೇ, ಇದೇ ಇಳಿಜಾರಿನಲ್ಲಿ, ಕೊನೆಯಿಲ್ಲದೆ ಮುಂದಕ್ಕೆ ಹೋಗುತ್ತದೆ ಅಂತ. ಅಲ್ಲಿ ನದಿ ಇದೆ ಅನ್ನುವ ವಿಷಯ ಮಾಡೆಲ್‌ಗೆ ಗೊತ್ತೇ ಆಗಲಿಲ್ಲ. ನದಿಯ ಮಟ್ಟ ಕೆಳಗಿರುವ ದಿನಗಳಲ್ಲಿ ಇದರಿಂದ ಮುಳುಗುವುದೇನಿಲ್ಲ. ಆದರೆ ಮಳೆ ಒಂದೇ, ಕಾಲುವೆ ತುಂಬಿಸಿದ ಮಳೆಯೇ ನದಿಯನ್ನೂ ತುಂಬಿಸಿತ್ತು. ಆ ದಿನ ಕಾಲುವೆಯ ಬಾಯಿಯಲ್ಲಿ, ಅಂದರೆ ಅದು ನದಿಗೆ ಸೇರುವ ಕಡೆ, ನೀರಿನ ಆಳ 2.5 ಮೀಟರ್. ನನ್ನ ಮಾಡೆಲ್‌ನಲ್ಲಿ 1.7.

ಚಪ್ಪಟೆ ಕಾಲುವೆಯಲ್ಲಿ ಹೀಗೆ ಒತ್ತಿ ನಿಂತ ನೀರು ಬಾಯಿಯ ಹತ್ತಿರವೇ ನಿಲ್ಲುವುದಿಲ್ಲ, ಕಿಲೋಮೀಟರುಗಟ್ಟಲೆ ಹಿಂದಕ್ಕೆ ತನ್ನ ಪ್ರಭಾವ ತೋರಿಸುತ್ತದೆ. ಬ್ಯಾಕ್‌ವಾಟರ್ ಅನ್ನುವುದು ಅಣೆಕಟ್ಟಿಗೆ ಮಾತ್ರ ಸಂಬಂಧಪಟ್ಟದ್ದು ಅನ್ನುವ ಭಾವನೆ ನನ್ನ ತಲೆಯಲ್ಲಿ ಎಲ್ಲೋ ಕೂತಿತ್ತು ಅಂತ ಕಾಣುತ್ತದೆ.

ಇನ್ನು ಎರಡನೇ ನಂಬರ್, ಮ್ಯಾನಿಂಗ್‌ನ ಎನ್. ರಾಬರ್ಟ್ ಮ್ಯಾನಿಂಗ್ ಅನ್ನುವ ಐರಿಷ್ ಎಂಜಿನಿಯರ್ 1889ರಲ್ಲಿ ಮಂಡಿಸಿದ ಸೂತ್ರವನ್ನೇ ನಾವು ಇವತ್ತೂ ಬಳಸುತ್ತಿದ್ದೇವೆ. ಅದರಲ್ಲಿ ಕಾಲುವೆಯ ಒರಟುತನವನ್ನೆಲ್ಲ ಒಂದೇ ಅಂಕಿಯಲ್ಲಿ ತುರುಕಿರುತ್ತಾರೆ. ಕೈಪಿಡಿಯ ಪಟ್ಟಿ ನೋಡಿ 0.022 ಹಾಕಿದೆ. ನೇರವಾದ, ಒಂದೇ ಸಮನಾದ, ಶುಚಿಯಾದ ಮಣ್ಣಿನ ಕಾಲುವೆಗೆ ಅದು ಸರಿ. ಆ "ಶುಚಿಯಾದ" ಅನ್ನುವ ಪದವನ್ನು ಓದಿ ಮುಂದಕ್ಕೆ ಹೋಗಿದ್ದೆ. ನಾನು ಜಾಗ ನೋಡಲು ಹೋದಾಗ ಕಾಲುವೆಯನ್ನು ಆಗಷ್ಟೇ ಸವರಿದ್ದರು, ಕನ್ನಡಿ ಹಾಗಿತ್ತು. ನೀರು ದಾಟಿದ ಮೇಲೆ ಹೋದಾಗ ಅದೇ ಕಾಲುವೆಯಲ್ಲಿ ಹುಲ್ಲು, ಜೊಂಡು, ನೀರಿನ ಕಳೆ ಎಲ್ಲ ಮೊಣಕಾಲಿನವರೆಗೆ. ಇದೇ ಪಟ್ಟಿಯಲ್ಲಿ ಇನ್ನೂ ಕೆಳಗೆ ಹೋಗಿ ನೋಡಿದರೆ, ನಿರ್ವಹಣೆ ಇಲ್ಲದ, ನೀರಿನಷ್ಟೇ ಎತ್ತರ ಕಳೆ ಬೆಳೆದ ಕಾಲುವೆಗೆ 0.05ರಿಂದ 0.12ರವರೆಗೆ ಇರುತ್ತದೆ. ನನ್ನದು ಅಷ್ಟು ಕೆಟ್ಟಿರಲಿಲ್ಲ, ಆಮೇಲೆ ಲೆಕ್ಕ ಹಾಕಿದಾಗ 0.035 ಬಂತು.

0.022ಕ್ಕೂ 0.035ಕ್ಕೂ ಏನು ಮಹಾ ವ್ಯತ್ಯಾಸ ಅಂತ ಅನ್ನಿಸಬಹುದು. ಇದೇ ಕಾಲುವೆ, ಇದೇ 12 ಘನ ಮೀಟರ್, ನಾರ್ಮಲ್ ಡೆಪ್ತ್ 1.7ರಿಂದ 2.15ಕ್ಕೆ ಏರುತ್ತದೆ. 45 ಸೆಂಟಿಮೀಟರ್. ನಾನು ಹೆಮ್ಮೆಯಿಂದ ತೋರಿಸಿದ್ದ 60 ಸೆಂಟಿಮೀಟರ್ ಫ್ರೀಬೋರ್ಡಿನ (ನೀರಿನ ಮೇಲೆ ಉಳಿಯುವ ದಂಡೆಯ ಎತ್ತರ) ಮುಕ್ಕಾಲು ಭಾಗವನ್ನು ಹುಲ್ಲೇ ತಿಂದುಹಾಕಿತ್ತು.

ಈಗ ನನಗೆ ಅತಿ ಹೆಚ್ಚು ಬೇಜಾರು ತಂದ ಭಾಗ. ಎರಡರಲ್ಲಿ ಒಂದೇ ತಪ್ಪಾಗಿದ್ದರೆ ನೀರು ದಾಟುತ್ತಲೇ ಇರಲಿಲ್ಲ. ಬಾಯಿಯಿಂದ 700 ಮೀಟರ್ ಮೇಲೆ, ಅಂದರೆ ಎತ್ತರದ ದಂಡೆ ಮುಗಿದ ಕೂಡಲೇ ನೀರು ದಾಟಿದ ಜಾಗದಲ್ಲಿ, ಬೇರೆ ಬೇರೆಯಾಗಿ ಓಡಿಸಿ ನೋಡಿದೆ. ಹುಲ್ಲು ಮಾತ್ರ ಇದ್ದು ನದಿ ಇಲ್ಲದಿದ್ದರೆ ಆಳ 2.15 ಮೀಟರ್. ನದಿ ಮಾತ್ರ ಇದ್ದು ಕಾಲುವೆ ಶುಚಿಯಾಗಿದ್ದರೆ 2.23ರ ಹತ್ತಿರ. ಎರಡೂ ದಂಡೆಯ 2.3ಕ್ಕಿಂತ ಕಮ್ಮಿ. ಎರಡನ್ನೂ ಸೇರಿಸಿದರೆ 2.36. ನಾನು ಆಗ ಸಂವೇದನೆ ಪರೀಕ್ಷೆ ಅಂತ ಎನ್ ಅನ್ನು ಮಾತ್ರ ಸ್ವಲ್ಪ ಏರಿಸಿ ನೋಡಿದ್ದೆ, "ಪರವಾಗಿಲ್ಲ, ದಾಟುವುದಿಲ್ಲ" ಅಂತ ಬರೆದಿದ್ದೆ. ಒಂದೊಂದನ್ನೇ ಬದಲಿಸಿ ನೋಡುವ ಪರೀಕ್ಷೆಗೆ ಈ ಪರಿಸ್ಥಿತಿ ಸಿಗುವುದೇ ಇಲ್ಲ. ಕೆಟ್ಟ ಎನ್, ಕೆಟ್ಟ ಬೌಂಡರಿ, ಎರಡನ್ನೂ ಒಟ್ಟಿಗೆ ಹಾಕಿ ಒಂದು ರನ್ ಮಾಡಿ. ಮಳೆಗಾಲದಲ್ಲಿ ಅವೆರಡೂ ಒಟ್ಟಿಗೇ ಬರುತ್ತವೆ.

ಇನ್ನೊಂದು ಗುಂಡಿ ಇದೆ, ಅದಕ್ಕೂ ನಾನು ಅರ್ಧ ಬಿದ್ದಿದ್ದೆ. ನೀರು ಇಳಿದ ಮೇಲೆ ದಂಡೆಯ ಮೇಲೆ ಕೆಸರಿನ ಗುರುತು ಉಳಿದಿತ್ತು. ಅದಕ್ಕೆ ಮಾಡೆಲ್ ಹೊಂದಿಸೋಣ ಅಂತ ಬೌಂಡರಿಯನ್ನು ಮುಟ್ಟದೆ ಎನ್ ಮಾತ್ರ ಏರಿಸುತ್ತಾ ಹೋದೆ. 0.042ಕ್ಕೆ ಬಂದಾಗ 700 ಮೀಟರಿನ ಗುರುತಿಗೆ ಸರಿಯಾಗಿ ಕೂತಿತು. ಕಾರಣ ಸಿಕ್ಕಿತು ಅಂತ ಎಲ್ಲರಿಗೂ ಹೇಳಿಯೂ ಬಿಟ್ಟೆ. ಆಮೇಲೆ ಬೇರೆ ಗುರುತುಗಳನ್ನು ನೋಡಿದರೆ, ಬಾಯಿಯ ಹತ್ತಿರ ಮಾಡೆಲ್ 14 ಸೆಂಟಿಮೀಟರ್ ಕಮ್ಮಿ, ಎರಡು ಕಿಲೋಮೀಟರ್ ಮೇಲೆ ಅಷ್ಟೇ ಜಾಸ್ತಿ. ಅಂದರೆ ನೀರಿನ ಗೆರೆಯ ಓರೆಯೇ ತಪ್ಪು. ಒಂದೇ ಗುರುತಿಗೆ ಹೊಂದಿಸಿದ ಮಾಡೆಲ್ ಏನನ್ನೂ ಸಾಬೀತು ಮಾಡುವುದಿಲ್ಲ, ಎನ್ ಅನ್ನುವುದು ಬೇರೆ ಎಲ್ಲ ತಪ್ಪುಗಳನ್ನೂ ನುಂಗಿಕೊಂಡು ಸುಮ್ನೆ ಕೂರುವ ಅಂಕಿ. ಕನಿಷ್ಠ ಮೂರು ಕಡೆಯಾದರೂ ಗುರುತು ಅಳೆಯಿರಿ, ಅದರಲ್ಲಿ ಒಂದು ಕಾಲುವೆಯ ಬಾಯಿಯಲ್ಲೇ ಇರಲಿ.

ನದಿಯ ಮಟ್ಟ ತರಿಸಿಕೊಳ್ಳುವಾಗ ಇನ್ನೊಂದು ಚಿಕ್ಕ ಆಘಾತ. ನದಿಯ ಮಟ್ಟ ಅಳೆಯುವವರ ಶೂನ್ಯ ಬೇರೆ, ನಮ್ಮ ಸರ್ವೆಯ ಶೂನ್ಯ ಬೇರೆ. ವ್ಯತ್ಯಾಸ 30 ಸೆಂಟಿಮೀಟರ್. ಒಂದೇ ಕಲ್ಲಿನ ಮಟ್ಟವನ್ನು ಎರಡೂ ಲೆಕ್ಕದಲ್ಲಿ ಕೇಳಿ ನೋಡಿದ್ದರಿಂದ ಸಿಕ್ಕಿಬಿತ್ತು. ಇಲ್ಲದಿದ್ದರೆ ತಿದ್ದಿದ ಮಾಡೆಲ್ಲೂ ತಪ್ಪೇ ಆಗಿರುತ್ತಿತ್ತು.

ಸೆಕ್ಷನ್‌ಗಳ ಬಗ್ಗೆ ಒಂದು ಮಾತು ಮಾತ್ರ. 200 ಮೀಟರಿಗೊಂದು ಅಳೆದು, ನಡುವೆ 20 ಮೀಟರಿಗೊಂದರಂತೆ ಪ್ರೋಗ್ರಾಂ ಕೈಯಲ್ಲೇ ತುಂಬಿಸಿದ್ದೆ. ನೋಡಲು ಬಹಳ ಚೆನ್ನಾಗಿತ್ತು. ಆದರೆ ಅದು ಹೊಸದಾಗಿ ಏನನ್ನೂ ಅಳೆದಂತೆ ಅಲ್ಲ, ಎರಡು ಸೆಕ್ಷನ್ ನಡುವೆ ದಂಡೆ ಕುಸಿದಿದ್ದರೆ ಅಲ್ಲಿ ಕಾಣುವುದೂ ಇಲ್ಲ.

ಬೌಂಡರಿ ಸರಿ ಇದೆಯೋ ಇಲ್ಲವೋ ಅಂತ ನೋಡಲು ನಾನು ಈಗ ಮಾಡುವುದು ಇಷ್ಟು. ಕೆಳಗಿನ ಮಟ್ಟವನ್ನು ಅರ್ಧ ಮೀಟರ್ ಮೇಲೆ ಒಂದು, ಅರ್ಧ ಮೀಟರ್ ಕೆಳಗೆ ಒಂದು ಕೊಟ್ಟು ಎರಡು ರನ್ ಮಾಡುತ್ತೇನೆ, ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಡುತ್ತೇನೆ. ನನಗೆ ಬೇಕಾದ ಜಾಗಕ್ಕೆ ಬರುವ ಮೊದಲೇ ಅವೆರಡೂ ಕೂಡಿಕೊಂಡರೆ ನೆಮ್ಮದಿ. ಕೂಡದಿದ್ದರೆ ಮಾಡೆಲ್ಲನ್ನು ಇನ್ನೂ ಕೆಳಗೆ ಎಳೆಯಬೇಕು, ಇಲ್ಲವೇ ನಿಜವಾದ ಮಟ್ಟವನ್ನು ಹುಡುಕಿ ತರಬೇಕು. ಈ ಕಾಲುವೆಯಲ್ಲಿ ಒಂದು ಕಿಲೋಮೀಟರ್ ಹೋದರೂ ಗೆರೆಗಳು ಕೂಡಲಿಲ್ಲ. ಹತ್ತು ನಿಮಿಷದ ಕೆಲಸ ಇದು, ಅವತ್ತೇ ಮಾಡಿದ್ದರೆ ಸಿಕ್ಕಿರುತ್ತಿತ್ತು.

ಈಗ ದಂಡೆಯನ್ನು ಎತ್ತರಿಸುವ ಕೆಲಸ ನಡೆಯುತ್ತಿದೆ. ಮಳೆಗೆ ಮುಂಚೆ ಹುಲ್ಲು ಸವರುವುದು ಖಚಿತವಾದರೆ ಅಷ್ಟು ಎತ್ತರ ಬೇಕಾಗುವುದಿಲ್ಲ, ಆದ್ದರಿಂದ ಸವರುವ ವೇಳಾಪಟ್ಟಿ ಕೊಡಿ ಅಂತ ನಿರ್ವಹಣೆಯವರಿಗೆ ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ವರದಿಯಲ್ಲಿ 0.035 ಹಾಗೇ ಇದೆ.