ಮುಂಬಾಗಿಲಿಗೆ ಚಳಿ ತಡೆಯುವ ಪರದೆ: ಮೂರು ರಾಡು, ಎರಡು ಬಟ್ಟೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮದು ಬ್ಯಾಕ್-ಟು-ಬ್ಯಾಕ್ ಮನೆ. ಎಡಕ್ಕೆ, ಬಲಕ್ಕೆ, ಬೆನ್ನಿಗೆ, ಮೂರೂ ಕಡೆ ಬೇರೆ ಮನೆಗಳು ಅಂಟಿಕೊಂಡಿವೆ. ಕೂಲಿಕಾರರಿಗಾಗಿ ಕಟ್ಟುತ್ತಿದ್ದ ಇಂಥ ಮನೆಗಳಿಗೆ 1909ರಲ್ಲೇ ಕಾನೂನು ತಡೆ ಹಾಕಿತ್ತು. ಮೊದಲೇ ಒಪ್ಪಿಗೆ ಸಿಕ್ಕ ನಕ್ಷೆಗಳ ಬಲದಿಂದ ಲೀಡ್ಸ್‌ನಲ್ಲಿ ಮಾತ್ರ 1937ರವರೆಗೂ ಕಟ್ಟಿದರು. ಮೂರು ಕಡೆ ನೆರೆಮನೆ ಇರುವುದರಿಂದ ಗೋಡೆಗಳು ಬೆಚ್ಚಗಿರುತ್ತವೆ. ಚಳಿ ಬರುವುದೆಲ್ಲ ಮುಂದಿನಿಂದ. ಅಲ್ಲಿರುವುದು ಒಂದೇ ಬಾಗಿಲು, ಅದು ತೆಗೆದರೆ ನೇರ ಕೂರುವ ಕೋಣೆ. ನಡುವೆ ಪಡಸಾಲೆ ಇಲ್ಲ, ಏನೂ ಇಲ್ಲ.

2022ರ ನವೆಂಬರಿನಲ್ಲಿ ಧಾರವಾಡದಿಂದ ಅವ್ವ ಬಂದಳು. ಬಂದ ಮರುದಿನವೇ ಸೋಫಾ ಮೇಲೆ ಕಾಲು ಮಡಚಿ ಕೂತು, "ಇಷ್ಟ್ ಥಂಡಿ ಗಾಳಿ ಎಲ್ಲಿಂದ ಬರಾಕತ್ತೈತಿ?" ಅಂದಳು. ಹೀಟರ್ ಜಾಸ್ತಿ ಮಾಡುವ ಹಾಗಿರಲಿಲ್ಲ. ಸರ್ಕಾರ ಮಿತಿ ಹಾಕಿದ ಮೇಲೂ ಸಾಧಾರಣ ಮನೆಯ ವರ್ಷದ ಗ್ಯಾಸ್, ಕರೆಂಟ್ ಬಿಲ್ಲು 2,500 ಪೌಂಡ್ ಅಂತ ಲೆಕ್ಕವಿತ್ತು. ಹಿಂದಿನ ಚಳಿಗಾಲದಲ್ಲಿ ಅದು 1,277 ಇತ್ತು.

ದೇವರ ಮುಂದಿನ ಊದಿನಕಡ್ಡಿ ಹಚ್ಚಿ ಬಾಗಿಲ ಸುತ್ತ ನಿಧಾನಕ್ಕೆ ಹಿಡಿದು ನೋಡಿದೆ. ಮೇಲಿನ ಅಂಚಿನಲ್ಲಿ ಹೊಗೆ ಸುಮ್ನೆ ಮೇಲಕ್ಕೆ ಹೋಯಿತು. ಚಿಲಕದ ಕಡೆ ಸ್ವಲ್ಪ ಅಲುಗಿತು. ಅಂಚೆಯವನು ಕಾಗದ ಹಾಕಲು ಕದದಲ್ಲೇ ಇರುವ ಸೀಳಿನ ಹತ್ತಿರ ಹೊಗೆಯ ಎಳೆ ತುಂಡಾಯಿತು. ಹೊಸ್ತಿಲ ಹತ್ತಿರ ಹಿಡಿದಾಗಲಂತೂ ಹೊಗೆ ನೆಲಕ್ಕೆ ಅಂಟಿದ ಹಾಗೆ ಒಳಗೆ ಹರಿಯಿತು. ಬಿಸಿ ಗಾಳಿ ಮೆಟ್ಟಿಲು ಹತ್ತಿ ಅಟ್ಟದ ಸಂದಿಗಳಿಂದ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಅದಕ್ಕೇ ಬಾಗಿಲ ಬುಡವೇ ಮುಖ್ಯ. ಆಮೇಲೆ ಹಾಕಿದ ಪ್ರತಿ ಪರದೆಯನ್ನೂ ಇದೇ ಊದಿನಕಡ್ಡಿಯಿಂದ ಪರೀಕ್ಷೆ ಮಾಡಿದೆ.

ಮೊದಲು ತಂದದ್ದು ಟೆನ್ಷನ್ ರಾಡು. ಒಳಗೆ ಸ್ಪ್ರಿಂಗ್ ಇರುತ್ತದೆ, ಎರಡು ಗೋಡೆಗಳ ನಡುವೆ ತಿರುಗಿಸಿ ಬಿಗಿ ಮಾಡಿದರೆ ಆಯಿತು. ಡ್ರಿಲ್ ಬೇಡ, ಮೊಳೆ ಬೇಡ. ಬಾಡಿಗೆ ಮನೆಯವರಿಗೆ ಇದೇ ಸರಿ. ಆದರೆ ಹಗುರ ಬಟ್ಟೆಗೆ ಮಾತ್ರ. ಅವ್ವ ತಂದಿದ್ದ ಕೌದಿಯನ್ನು ಇದಕ್ಕೆ ನೇತುಹಾಕಿದೆ, ರಾತ್ರಿ ಎರಡು ಗಂಟೆಗೆ ರಾಡು ಸಮೇತ ಕೆಳಗೆ ಬಿತ್ತು. ಇನ್ನೊಂದು ತೊಂದರೆ: ಈ ರಾಡು ಕೂರುವುದು ಚೌಕಟ್ಟಿನ ಒಳಗೆ. ಹಾಗಾಗಿ ಪರದೆಯ ಎರಡೂ ಪಕ್ಕ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ, ಹೊಗೆ ಅಲ್ಲೇ ಒಳಗೆ ಬಂತು. ಬಾಗಿಲು ಒಳಗೆ ತೆರೆಯುವಾಗ ಕದ ಬಟ್ಟೆಗೆ ತಾಗುವುದು ಬೇರೆ.

ಎರಡನೆಯದು ಗೋಡೆಗೆ ಹೊಡೆಯುವ ಮಾಮೂಲಿ ಪೋಲು. ಚೌಕಟ್ಟಿಗಿಂತ ಎಡಕ್ಕೂ ಬಲಕ್ಕೂ 15 ಸೆಂಟಿಮೀಟರ್ ಹೆಚ್ಚು ಬಿಟ್ಟು, ಮೇಲೆ ಒಂದು ಗೇಣು ಎತ್ತರಕ್ಕೆ ಹಾಕಿದೆವು. ಗಟ್ಟಿ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಭಾರದ ಬಟ್ಟೆಯನ್ನೂ ಹೊರುತ್ತದೆ. ರಾತ್ರಿ ಪರದೆ ಎಳೆದು ಊದಿನಕಡ್ಡಿ ಹಿಡಿದರೆ ಹೊಗೆ ನೆಟ್ಟಗೆ ನಿಲ್ಲುತ್ತದೆ. ಗಾಳಿ ತಡೆಯುವುದರಲ್ಲಿ ಇದನ್ನು ಮೀರಿಸಿದ್ದು ನನಗೆ ಸಿಗಲಿಲ್ಲ.

ಆದರೆ ದಿನದ ಬಳಕೆಯಲ್ಲಿ ಸೋತಿತು. ಮಕ್ಕಳು ಶಾಲೆಗೆ ಹೋಗುವಾಗ ಸರಿಸುತ್ತಾರೆ, ಹಾಗೇ ಬಿಟ್ಟು ಹೋಗುತ್ತಾರೆ. ಎಲ್ಲರೂ ಹೊರಗೆ ಹೋದ ಮೇಲೆ ಬೀಗ ಹಾಕಿದ ಬಾಗಿಲ ಹಿಂದೆ ಪರದೆ ಎಳೆಯುವವರು ಯಾರು? ನಾವು ಕೆಲಸದಿಂದ ಬರುವ ಹೊತ್ತಿಗೆ ಮನೆ ಐಸ್ ಆಗಿರುತ್ತಿತ್ತು. ಸರಿಸಿಟ್ಟ ಪರದೆ ಎಷ್ಟು ದಪ್ಪ ಇದ್ದರೇನು?

ಮೂರನೆಯದರ ಹೆಸರು ಪೋರ್ಟಿಯರ್ ರಾಡು. ಇಂಗ್ಲೆಂಡಿನ ಹಳೆ ಮನೆಗಳಲ್ಲಿ ಇದನ್ನು ಹಿಂದಿನಿಂದಲೂ ಹಾಕುತ್ತಾರೆ. ಒಂದು ತುದಿ ಬಿಜಾಗರಿ ಕಡೆ ಚೌಕಟ್ಟಿಗೆ, ಇನ್ನೊಂದು ತುದಿ ಕದಕ್ಕೆ. ಬಾಗಿಲು ತೆರೆದರೆ ಪರದೆಯೂ ಅದರ ಜೊತೆ ತಿರುಗುತ್ತದೆ. ಏರುವ ಬಗೆಯದ್ದನ್ನು ತೆಗೆದುಕೊಂಡರೆ, ಬಾಗಿಲು ತೆರೆಯುತ್ತಾ ಹೋದ ಹಾಗೆ ರಾಡು ಸ್ವಲ್ಪ ಮೇಲಕ್ಕೆದ್ದು ಬಟ್ಟೆಯನ್ನೂ ನೆಲದಿಂದ ಎತ್ತುತ್ತದೆ. ಮುಚ್ಚಿದರೆ ಮತ್ತೆ ಇಳಿದು ನೆಲ ಮುಟ್ಟುತ್ತದೆ. ಮೊದಲ ದಿನ ಅವ್ವ ಬಾಗಿಲನ್ನು ನಾಲ್ಕೈದು ಸಲ ತೆಗೆದು, ಹಾಕಿ, ಬಗ್ಗಿ ನೋಡಿದಳು. ನಮ್ಮ ಬಾಗಿಲಿಗೆ ಬೇಕಾದದ್ದು ಇದೇ ಅಂತ ನನಗೂ ಆಗಲೇ ಅನ್ನಿಸಿತು. ನಾವು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರೆ ಪರದೆ ತಾನಾಗಿ ಜಾಗಕ್ಕೆ ಬರುತ್ತದೆ, ಯಾರೂ ನೆನಪಿಡಬೇಕಾಗಿಲ್ಲ.

ಕೊರತೆಗಳೂ ಇವೆ. ಮೂರರಲ್ಲಿ ಇದಕ್ಕೇ ಬೆಲೆ ಜಾಸ್ತಿ. ಮಾಮೂಲಿ ಪೋಲಿನಷ್ಟು ತೂಕ ಹೊರುವುದಿಲ್ಲ, ಪೆಟ್ಟಿಗೆಯ ಮೇಲೆ ಬರೆದ ಮಿತಿ ನೋಡಲೇಬೇಕು. ಬಿಜಾಗರಿ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಕೊಂಡೇ ತರಿಸಬೇಕು. ಮರದ ಕದಕ್ಕೆ ಸ್ಕ್ರೂ ಹಾಕಲು ತೊಂದರೆ ಇಲ್ಲ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಅಥವಾ ಕಾಂಪೋಸಿಟ್ (ಹಲವು ವಸ್ತು ಸೇರಿಸಿ ಮಾಡಿದ) ಕದವಾದರೆ ತೂತು ಹೊಡೆಯುವ ಮೊದಲು ಗ್ಯಾರಂಟಿ ಕಾಗದ ಓದಿ. ಚಿಲಕದ ಪಕ್ಕ ಪೋಲಿನಷ್ಟು ಪೂರ್ತಿ ಮುಚ್ಚುವುದಿಲ್ಲ. ಅಲ್ಲಿ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ಹೊಗೆ ಅಲುಗುವುದು ನಿಂತಿತು.

ಇನ್ನು ಬಟ್ಟೆ. ಮೊದಲನೆಯದು ಅಂಗಡಿಯ ಥರ್ಮಲ್ ಲೈನಿಂಗ್ (ಚಳಿ ತಡೆಯುವ ಒಳಪದರ) ಇರುವ ಪರದೆ, ಬಾಗಿಲಿಗೆಂದೇ ಮಾರುವ 66 ಇಂಚು ಅಗಲ, 84 ಇಂಚು ಉದ್ದದ್ದು. ಹಗುರ, ಒದ್ದೆಯಾದರೆ ಬೇಗ ಒಣಗುತ್ತದೆ. ಆದರೆ ಹೊರಗೆ ಗಾಳಿ ಜೋರಾದಾಗ ಬುಡ ಒಳಗೆ ಉಬ್ಬುತ್ತಿತ್ತು. ಕೆಳಗಿನ ಮಡಿಕೆಯಲ್ಲಿ ತೂಕದ ಸರಪಳಿ ಹಾಕಿ ಹೊಲಿದ ಮೇಲೆ ನಿಂತಿತು. ದುಂಡು ತೂತಿನ ಐಲೆಟ್ ಪರದೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಮೇಲ್ಗಡೆ ಅಲೆ ಅಲೆಯಾಗಿ ಸಂದಿ ಬಿಡುತ್ತದೆ. ಸಣ್ಣ ನೆರಿಗೆ ಹಿಡಿದು ಉಂಗುರಕ್ಕೆ ಸಿಕ್ಕಿಸುವುದೇ ಒಳ್ಳೆಯದು.

ಕೌದಿಯ ಮಾತೇ ಬೇರೆ. ಹಳೆ ಸೀರೆಗಳ ಮೇಲೆ ಸೀರೆ, ಅಂಗೈಯಗಲದಲ್ಲಿ ಹತ್ತಾರು ಸಾಲು ಕೈಹೊಲಿಗೆ. ಗಾಳಿಗೆ ಅದು ಅಲ್ಲಾಡುವುದಿಲ್ಲ. ಆದರೆ ಮಂಚದ ಅಳತೆಯ ಕೌದಿಯನ್ನು ಪೋರ್ಟಿಯರ್ ರಾಡು ಹೊರುವುದಿಲ್ಲ. ಹತ್ತಿ ಬಟ್ಟೆ ಬೇರೆ. ಮಳೆಯ ದಿನ ಬೂಟಿನ ನೀರನ್ನೆಲ್ಲ ಬುಡದಲ್ಲಿ ಹೀರಿಕೊಂಡಿತು. ಇಲ್ಲಿಯ ಡಿಸೆಂಬರಿನಲ್ಲಿ ಅದು ಒಣಗಲು ಎರಡು ದಿನ ಬೇಕಾಯಿತು, ಮುಗ್ಗಲು ವಾಸನೆಯೂ ಶುರುವಾಗಿತ್ತು.

ಅವ್ವ ಕೂತು ಬಾಗಿಲ ಅಳತೆಗೆ ಬೇರೆಯದನ್ನೇ ಹೊಲಿದಳು. ಎರಡೇ ಪದರ, ನಡುವೆ ತೆಳು ಉಣ್ಣೆಯ ಹೊದಿಕೆ. ಬುಡಕ್ಕೆ ನಾಲ್ಕು ಇಂಚು ರೆಕ್ಸಿನ್ ಪಟ್ಟಿ. ತೂಗಿ ನೋಡಿದೆವು, ರಾಡಿನ ಮಿತಿಯೊಳಗೆ ಬಂತು. ಮೂರನೇ ಚಳಿಗಾಲ ಮುಗಿಯಿತು, ಈಗಲೂ ಅದೇ ಇದೆ. ಅಂಗಡಿಯ ಪರದೆ ಕಿಟಕಿಗೆ ಹೋಯಿತು.

ಬಾಡಿಗೆ ಮನೆಯಾದರೆ ಟೆನ್ಷನ್ ರಾಡಿಗೆ ಹಗುರ ಪರದೆ ಹಾಕಿ, ಬುಡಕ್ಕೆ ಹಳೆ ಸೀರೆ ಸುತ್ತಿಡಿ. ಹೆಚ್ಚು ಬಳಸದ ಬಾಗಿಲಾದರೆ ಪೋಲು. ದಿನಕ್ಕೆ ಹತ್ತು ಸಲ ತೆರೆಯುವ ಬಾಗಿಲಿಗೆ ಪೋರ್ಟಿಯರ್. ಯಾವುದೇ ಆಗಲಿ, ಕಾಗದದ ಸೀಳಿಗೆ ಬ್ರಷ್ ಇರುವ ಮುಚ್ಚಳ ಹಾಕಿಸಿ. ಗಾಳಿ ಬೇಕೆಂದೇ ಬಿಟ್ಟ ತೂತುಗಳನ್ನು ಮುಚ್ಚಬೇಡಿ, ಕೋಣೆಯಲ್ಲಿ ಗ್ಯಾಸ್ ಒಲೆಯೋ ಬೆಂಕಿಗೂಡೋ ಇದ್ದರಂತೂ ಮುಚ್ಚಲೇಬೇಡಿ. ನಮ್ಮ ಮನೆಗೆ ಹೊರಗೆ ಓಡಲು ಇರುವುದು ಇದೊಂದೇ ಬಾಗಿಲು. ಅದಕ್ಕೇ ಬಟ್ಟೆ ಕಾಲಿಗೆ ತೊಡರದ ಹಾಗೆ ಬುಡ ಕತ್ತರಿಸಿದ್ದೇವೆ. ಬೀಗದ ಕೈ ಪರದೆಯ ಹಿಂದೆ ಇಡುವುದಿಲ್ಲ. ಪಕ್ಕದ ಗೋಡೆಯ ಮೊಳೆಗೆ, ಚಿಕ್ಕ ಮಗನ ಕೈಗೂ ಎಟಕುವ ಎತ್ತರದಲ್ಲಿ ತೂಗುಹಾಕಿದ್ದೇವೆ.