ಕಣ್ಣಿಲ್ಲದ ಎರಡು ಕತ್ತಿಗಳು: ಯಾವುದನ್ನು ನೋಡುವುದು?

ಎರಡೂ ಕೊರಿಯಾದ ಐತಿಹಾಸಿಕ ಕತ್ತಿವರಸೆಯ ಚಿತ್ರಗಳು. ಎರಡರಲ್ಲೂ ದೃಷ್ಟಿಯ ಕೊರತೆಯಿರುವವರೇ ಕತ್ತಿ ಹಿಡಿಯುತ್ತಾರೆ. ಹೋಲಿಕೆ ಅಲ್ಲಿಗೆ ಮುಗಿಯಿತು.

'ದ ಸ್ವೋರ್ಡ್ಸ್‌ಮನ್' (2020) ಕೊರಿಯಾವನ್ನು ಜೋಸೊನ್ ರಾಜವಂಶ ಆಳುತ್ತಿದ್ದ ಕಾಲದ ಕಥೆ. ಪದಚ್ಯುತ ರಾಜ ಗ್ವಾಂಗ್‌ಹೇಯ ಅಂಗರಕ್ಷಕನಾಗಿದ್ದ ತೇ-ಯುಲ್ ಬೆಟ್ಟದಲ್ಲಿ ಮಗಳೊಂದಿಗೆ ಅಜ್ಞಾತವಾಗಿ ಬದುಕುತ್ತಿದ್ದಾನೆ. ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಚೀನಾದ ಚಿಂಗ್ ರಾಜವಂಶದ ಕಡೆಯವರು ಮಗಳನ್ನು ಎಳೆದೊಯ್ದಾಗ ಕತ್ತಿ ಮತ್ತೆ ಹೊರಬರುತ್ತದೆ. ಕಥೆ ಹಳತೇ, ಒಪ್ಪೋಣ. ಆದರೆ ತೇ-ಯುಲ್ ಆಗಿ ಜಾಂಗ್ ಹ್ಯುಕ್ ಕಾದಾಡುವ ರೀತಿ ನೋಡಿ: ಹಾರಾಟವಿಲ್ಲ, ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರದ ಹೊಡೆತ. ಎದುರಾಳಿ ಇಂಡೋನೇಷ್ಯಾದ ಜೋ ತಸ್ಲೀಂ, ಹಿಂದೆ ಜೂಡೋ ಆಟಗಾರ; ಅವನ ನಗುವೇ ಮೈ ಉರಿಸುತ್ತದೆ. ಸುಮಾರು 100 ನಿಮಿಷ, ಎಲ್ಲಿಯೂ ಎಳೆದಾಟವಿಲ್ಲ.

'ಮೆಮೊರೀಸ್ ಆಫ್ ದ ಸ್ವೋರ್ಡ್' (2015) ಜೋಸೊನ್‌ಗೂ ಹಿಂದಿನ ಗೊರ್ಯೊ ರಾಜವಂಶದ ಕಾಲದ್ದು. ದ್ರೋಹ ಮಾಡಿದ ಗೆಳೆಯನಾಗಿ ಲೀ ಬ್ಯುಂಗ್-ಹುನ್, ಸೇಡಿಗಾಗಿಯೇ ಹುಡುಗಿಯೊಬ್ಬಳನ್ನು ಸಾಕಿ ಬೆಳೆಸುವ ಕುರುಡಿಯಾಗಿ ಜಿಯೊನ್ ದೊ-ಯೊನ್. ಇಲ್ಲಿ ಕತ್ತಿಗಿಂತ ಕಣ್ಣೀರು ಹೆಚ್ಚು, ಕಾಳಗಕ್ಕಿಂತ ಬಣ್ಣ ಹೆಚ್ಚು. ಹುಡುಗಿ ಆಳೆತ್ತರ ಮೀರಿದ ಸೂರ್ಯಕಾಂತಿಯ ಮೇಲೆ ಜಿಗಿಯುವ ದೃಶ್ಯ ಸೊಗಸಾಗಿದೆ, ಅಮೆರಿಕದ ಆ ಗಿಡ ಅಂದಿನ ಕೊರಿಯಾಕ್ಕೆ ಬಂದಿರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಮರೆತರೆ.

ಹೊಡೆದಾಟ ಬೇಕೆಂದರೆ ಮೊದಲನೆಯದು, ಅನುಮಾನವೇ ಬೇಡ. ಅಭಿನಯಕ್ಕಾಗಿ ಎರಡು ಗಂಟೆ ತಾಳ್ಮೆ ಇದ್ದವರು ಎರಡನೆಯದಕ್ಕೆ ಕೂರಬಹುದು.